ತೆರಿಗೆಯವರಿಗೆ ಮಾರಾಟ, ಗಿರಾಕಿಗೆ ಬಾಡಿಗೆ

ಪುಣೆ ಕ್ಯಾಂಪಿನ ಮೋಲೆದಿನಾ ರಸ್ತೆಯ ಕ್ಲೋವರ್ ಸೆಂಟರ್‌ನಲ್ಲಿ ಎಲ್ಲ ವಸ್ತುವಿಗೂ ಎರಡನೆಯ ಬೆಲೆಯೊಂದು ಇರುತ್ತದೆ. ಗೀರು ಬಿದ್ದ ಫೋನಿಗೆ ಒಂದು, ಬ್ಯಾಟರಿ ಉಬ್ಬಿದ ಫೋನಿಗೆ ಇನ್ನೊಂದು, ಡಬ್ಬಿಯೂ ಬಿಲ್ಲೂ ಜೋಪಾನವಾಗಿದ್ದರೆ ಮತ್ತೊಂದು. ಗೇಮ್ ಆಡುವ ಹುಡುಗರು ಆಡಿ ಮುಗಿಸಿದ ಡಿಸ್ಕ್ ತಂದು ಗಲ್ಲಾದ ಮೇಲಿಡುತ್ತಾರೆ. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಒಂದು ಮೊತ್ತ ಹೇಳುತ್ತಾನೆ. ಸ್ವಲ್ಪ ಚೌಕಾಸಿ ನಡೆದು ಡಿಸ್ಕ್ ಕೈ ಬದಲಾಗುತ್ತದೆ. ಅದೇ ಗೇಮನ್ನು ಮನೆಯಲ್ಲಿ ಕೂತು ಕಂಪನಿಯ ಆನ್‌ಲೈನ್ ಮಳಿಗೆಯಿಂದ ಇಳಿಸಿಕೊಂಡವನಿಗೆ ಇಲ್ಲಿ ಕವಡೆ ಕಾಸೂ ಹುಟ್ಟುವುದಿಲ್ಲ. ಅವನು ಕೊಟ್ಟ ಹಣವೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಮಾರಲು ಅವನ ಕೈಯಲ್ಲಿ ಏನೂ ಇಲ್ಲ.

ಹಳೆಯ ಪೇಠೆಗಳ ಪುಣೆಗೂ ಕ್ಯಾಂಪಿಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. 1817ರಲ್ಲಿ ಖಡಕಿಯಲ್ಲಿ ಪೇಶ್ವೆಯ ಸೇನೆ ಸೋತ ಮೇಲೆ ಬ್ರಿಟಿಷರು ಊರಿನ ಪೂರ್ವಕ್ಕೆ ದಂಡುಪ್ರದೇಶ ಮಾಡಿಕೊಂಡರು, ಅದೇ ಇಂದಿನ ಕ್ಯಾಂಪ್. ದಂಡಿನ ಹಿಂದೆ ವ್ಯಾಪಾರಿಗಳು ಬಂದರು. ಅಂದಿನ ಮೇನ್ ಸ್ಟ್ರೀಟ್ ಇಂದಿನ ಮಹಾತ್ಮ ಗಾಂಧಿ ರಸ್ತೆ. ಅದರ ಪಕ್ಕದ ಈಸ್ಟ್ ಸ್ಟ್ರೀಟ್‌ನಲ್ಲಿ ಕಯಾನಿ ಬೇಕರಿಯ ಬಿಸ್ಕತ್ತಿಗೆ ಈಗಲೂ ಸಾಲು ನಿಲ್ಲುತ್ತಾರೆ. ವಿಜಯಪುರ, ಕಲಬುರ್ಗಿ ಕಡೆಯಿಂದ ಪುಣೆಗೆ ದುಡಿಯಲು ಬಂದ ನಮ್ಮವರಿಗೆ ಕ್ಯಾಂಪ್ ಎಂದರೆ ಸಂಜೆ ಹೊತ್ತು ಸುಮ್ಮನೆ ಅಡ್ಡಾಡುವ ಜಾಗವೂ ಹೌದು, ಮೊದಲ ಸ್ಮಾರ್ಟ್‌ಫೋನನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ಜಾಗವೂ ಹೌದು. ಇಂಥ ಪೇಟೆಯಲ್ಲಿ ನಿಂತು ನೋಡಿದರೆ ಇಂದಿನ ಡಿಜಿಟಲ್ ವ್ಯಾಪಾರದ ಮುಖ್ಯ ತಕರಾರು ಚೆನ್ನಾಗಿ ಕಾಣುತ್ತದೆ: ನಾವು ದುಡ್ಡು ಕೊಟ್ಟು ಪಡೆದದ್ದು ನಮ್ಮದೋ, ಅಲ್ಲವೋ?

ಕ್ಲೋವರ್ ಸೆಂಟರ್‌ನಲ್ಲೇ ಮ್ಯಾನೀಸ್ ಎಂಬ ಪುಸ್ತಕದಂಗಡಿ ಇತ್ತು. ಪುಣೆಯ ಓದುವ ಮಂದಿಗೆ ಅದು ಯಾತ್ರಾಸ್ಥಳ. 2012ರಲ್ಲಿ ಬಾಗಿಲು ಹಾಕಿತು. ಅಂಗಡಿ ಹೋಯಿತು, ಆದರೆ ಅಲ್ಲಿ ಕೊಂಡ ಪುಸ್ತಕಗಳು ಎಲ್ಲಿಗೂ ಹೋಗಲಿಲ್ಲ. ಎಷ್ಟೋ ಮನೆಗಳ ಕಪಾಟಿನಲ್ಲಿವೆ, ಕೆಲವು ರದ್ದಿಗೆ ಬಿದ್ದು ಮತ್ತೆ ಬೇರೆಯವರ ಕೈ ಸೇರಿವೆ. ಡಿಜಿಟಲ್ ಅಂಗಡಿಯ ಪಾಡು ಬೇರೆ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಓದುಗರು ಕೊಂಡಿದ್ದ ಪುಸ್ತಕಗಳೂ ಅಂಗಡಿಯ ಜೊತೆಗೇ ಹೋದವು. ಹಣವನ್ನೇನೋ ಹಿಂದಿರುಗಿಸಿದರು. ಅದಕ್ಕೂ ಹತ್ತು ವರ್ಷ ಮೊದಲು, 2009ರ ಜುಲೈನಲ್ಲಿ, ಅಮೆಜಾನ್ ತನ್ನ ಗಿರಾಕಿಗಳ ಕಿಂಡಲ್‌ನೊಳಕ್ಕೆ ಕೈ ಹಾಕಿ ಪುಸ್ತಕ ಅಳಿಸಿತ್ತು. ಮಾರಿದ ಪ್ರಕಾಶಕನಿಗೆ ಹಕ್ಕು ಇರಲಿಲ್ಲವೆಂಬುದು ಕಾರಣ. ಅಳಿಸಿದ ಪುಸ್ತಕಗಳು ಜಾರ್ಜ್ ಆರ್ವೆಲ್‌ನವು. ಪ್ರಭುತ್ವವು ಹಳೆಯ ದಾಖಲೆಗಳನ್ನು ಗುಂಡಿಗೆ ಎಸೆದು ಸುಡುವ ಕಥೆಯುಳ್ಳ ‘1984’ ಅವುಗಳಲ್ಲೊಂದು. ಕಾದಂಬರಿಕಾರನೂ ಇಷ್ಟು ಧಾರಾಳವಾಗಿ ವ್ಯಂಗ್ಯ ಮಾಡಲು ಹಿಂಜರಿಯುತ್ತಿದ್ದ. ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆ ಕೇಳಿದರು.

  

ಇಂಥ ಪ್ರಸಂಗಗಳಲ್ಲಿ ಕಂಪನಿಗಳು ಕೊಡುವ ಉತ್ತರ ಒಂದೇ. ನೀವು ‘ನಾನು ಒಪ್ಪುತ್ತೇನೆ’ ಎಂಬ ಗುಂಡಿ ಒತ್ತಿದ್ದೀರಿ. ಅದರ ಹಿಂದಿನ ಕರಾರಿನಲ್ಲಿ ಇದು ಮಾರಾಟವಲ್ಲ, ಬಳಸಲು ಕೊಟ್ಟ ಪರವಾನಗಿ ಮಾತ್ರ ಎಂದು ಬರೆದಿದೆ. ಪರವಾನಗಿ ಕೊಟ್ಟವರು ಹಿಂಪಡೆಯಬಹುದು. ಕರಾರನ್ನು ಯಾರೂ ಓದುವುದಿಲ್ಲ ಎಂಬುದು ಬರೆದವರಿಗೂ ಗೊತ್ತು. ಸರಿ, ಬರೆದದ್ದು ಬರೆದದ್ದೇ ಎಂದು ಒಪ್ಪೋಣ. ಆದರೆ ಇದೇ ಉದ್ಯಮ ಬೇರೊಂದು ಕಟಕಟೆಯಲ್ಲಿ ನಿಂತಾಗ ಏನು ಹೇಳಿತ್ತು? ಆ ಕಥೆ ನಮ್ಮ ಬೆಂಗಳೂರಿನದು. ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಬಂದು ಹೋದದ್ದರಿಂದ ಸಾಮಾನ್ಯ ಓದುಗರ ಕಣ್ಣಿಗೆ ಬೀಳಲಿಲ್ಲ.

ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಬೆಂಗಳೂರಿನ ಕಂಪನಿ ಅಮೆರಿಕದಿಂದ ಸಿದ್ಧ ತಂತ್ರಾಂಶ ತರಿಸಿಕೊಂಡಿತ್ತು. 2002ರಲ್ಲಿ ಆದಾಯ ತೆರಿಗೆ ಇಲಾಖೆ ಲೆಕ್ಕ ಕೇಳಿತು. ಇಲಾಖೆಯ ವಾದ ಹೀಗಿತ್ತು: ತಂತ್ರಾಂಶ ಮಾರಾಟವಾಗುವುದಿಲ್ಲ, ಅದರ ಮೇಲೆ ಪರವಾನಗಿ ಮಾತ್ರ ಸಿಗುತ್ತದೆ ಎಂದು ಕರಾರೇ ಹೇಳುತ್ತದೆ, ಹಾಗಾದರೆ ನೀವು ಅಮೆರಿಕಕ್ಕೆ ಕಳಿಸಿದ ಹಣ ಕೃತಿಸ್ವಾಮ್ಯದ ಬಳಕೆಗೆ ಕೊಟ್ಟ ರಾಯಧನ, ರಾಯಧನವಾದರೆ ಮೂಲದಲ್ಲೇ ತೆರಿಗೆ ಮುರಿದುಕೊಳ್ಳಬೇಕಿತ್ತು. ಸ್ಯಾಮ್ಸಂಗ್ ಕಂಪನಿಯ ಬೆಂಗಳೂರು ಶಾಖೆಯೂ ಇದೇ ಬಲೆಗೆ ಬಿತ್ತು. 2011ರ ಅಕ್ಟೋಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಇಲಾಖೆಯ ಮಾತನ್ನೇ ಎತ್ತಿಹಿಡಿಯಿತು. ಆಗ ತಂತ್ರಾಂಶ ಜಗತ್ತಿನ ದೊಡ್ಡ ಹೆಸರುಗಳೆಲ್ಲ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವು. ಅವುಗಳ ವಾದವನ್ನು ಕನ್ನಡದಲ್ಲಿ ಹೇಳುವುದಾದರೆ: ಸ್ವಾಮಿ, ಕರಾರಿನಲ್ಲಿ ಪರವಾನಗಿ ಎಂದು ಬರೆದಿದ್ದರೇನಂತೆ, ನಡೆದದ್ದು ಮಾರಾಟ. ಪುಸ್ತಕ ಕೊಂಡವನಿಗೆ ಪುಸ್ತಕ ಸಿಗುತ್ತದೆ, ಅದನ್ನು ಅಚ್ಚು ಹಾಕುವ ಹಕ್ಕು ಸಿಗುವುದಿಲ್ಲ, ಇಲ್ಲೂ ಹಾಗೆಯೇ.

2021ರ ಮಾರ್ಚ್ 2ರಂದು ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಅವರ ನೇತೃತ್ವದ ಪೀಠ ಕಂಪನಿಗಳ ಪರ ತೀರ್ಪು ಕೊಟ್ಟಿತು. ಕರಾರಿಗೆ ಏನೆಂದು ಹೆಸರಿಟ್ಟಿದ್ದಾರೆ ಎಂಬುದು ಮುಖ್ಯವಲ್ಲ, ವಹಿವಾಟಿನ ನಿಜರೂಪ ಮುಖ್ಯ. ಬಳಕೆದಾರನಿಗೆ ಸಿಕ್ಕಿದ್ದು ಪ್ರತಿ, ಕೃತಿಸ್ವಾಮ್ಯವಲ್ಲ. ಆದ್ದರಿಂದ ಇದು ಸರಕಿನ ಮಾರಾಟ, ರಾಯಧನವಲ್ಲ. ಸುಮಾರು ಎರಡು ದಶಕ ಎಳೆದ ವ್ಯಾಜ್ಯ ಹೀಗೆ ಮುಗಿಯಿತು. ಕೃತಿಸ್ವಾಮ್ಯ ಕಾಯ್ದೆಗೆ 1999ರಲ್ಲಿ ಆದ ತಿದ್ದುಪಡಿಯ ಬಗ್ಗೆಯೂ ಪೀಠ ಮಾತಾಡಿತು. ಒಮ್ಮೆ ಮಾರಿದ ಪ್ರತಿಯ ಮುಂದಿನ ಮಾರಾಟದ ಮೇಲೂ ಹಕ್ಕುದಾರನ ಹಿಡಿತ ಉಳಿಯುವಂತೆ ಮಾಡಿದ್ದ ಪದಗಳನ್ನು ಆ ತಿದ್ದುಪಡಿ ತೆಗೆದುಹಾಕಿತ್ತು.

ಇದಕ್ಕೂ ಹಿಂದಿನ ಅಧ್ಯಾಯವೊಂದಿದೆ, ಅದು ಇನ್ನೂ ಸ್ವಾರಸ್ಯಕರ. ಆಂಧ್ರಪ್ರದೇಶ ಸರ್ಕಾರ ಪೆಟ್ಟಿಗೆಯಲ್ಲಿ ಮಾರುವ ಸಿದ್ಧ ತಂತ್ರಾಂಶದ ಮೇಲೆ ಮಾರಾಟ ತೆರಿಗೆ ಹಾಕಿದಾಗ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಅದನ್ನು ವಿರೋಧಿಸಿತ್ತು. ತಂತ್ರಾಂಶ ಬೌದ್ಧಿಕ ಆಸ್ತಿ, ಮುಟ್ಟಲು ಸಿಗುವಂಥದ್ದಲ್ಲ, ಅದು ಸರಕೇ ಅಲ್ಲ ಎಂಬುದು ಅಂದಿನ ವಾದ. 2004ರ ನವೆಂಬರ್ 5ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಕೊಳ್ಳಬಹುದು, ಮಾರಬಹುದು, ಸಾಗಿಸಬಹುದು, ಕೂಡಿಡಬಹುದು ಎಂದಮೇಲೆ ಅದು ಸರಕೇ ಎಂದಿತು. ಅಂದರೆ ಮಾರಾಟ ತೆರಿಗೆಯವರು ಬಂದಾಗ ಉದ್ಯಮಕ್ಕೆ ಇದು ಸರಕಲ್ಲ. ಆದಾಯ ತೆರಿಗೆಯವರು ಬಂದಾಗ ಅಪ್ಪಟ ಸರಕು. ಗಿರಾಕಿ ಬಂದಾಗ ಮತ್ತೆ ಸರಕಲ್ಲ, ಬರೀ ಪರವಾನಗಿ. ಎರಡು ಬಾರಿಯೂ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಮಾತ್ರ ಒಂದೇ ಮಾತು.

ವಕೀಲರು ಇಲ್ಲಿ ನನ್ನನ್ನು ತಡೆಯುತ್ತಾರೆ. ಕೃತಿಸ್ವಾಮ್ಯ ಬೇರೆ, ಪ್ರತಿ ಬೇರೆ. ಕಂಪನಿ ಕೃತಿಸ್ವಾಮ್ಯವನ್ನು ತನ್ನಲ್ಲಿಟ್ಟುಕೊಂಡು ಪ್ರತಿಯನ್ನು ಮಾರುವುದರಲ್ಲಿ ವಿರೋಧಾಭಾಸವಿಲ್ಲ ಎನ್ನುತ್ತಾರೆ. ಖಂಡಿತ ಇಲ್ಲ. ನನ್ನ ತಕರಾರು ಅದಲ್ಲ. ಪ್ರತಿ ಮಾರಿದ್ದೇವೆಂದು ಕೋರ್ಟಿನಲ್ಲಿ ಹೇಳಿ ಗೆದ್ದವರು ಆ ಪ್ರತಿಯನ್ನು ಗಿರಾಕಿಯ ಕೈಯಿಂದ ಯಾವ ಬಾಯಲ್ಲಿ ಹಿಂದಕ್ಕೆ ಕೇಳುತ್ತಾರೆ? ಸರ್ವರ್‌ನಲ್ಲೇ ಕೂತು, ಪರದೆಯ ಮೇಲೆ ಬಂದು ಹೋಗುವ ಸೇವೆಗೆ ಈ ತೀರ್ಪು ನೇರವಾಗಿ ತಗಲುತ್ತದೆಂದು ವಾದಿಸುವುದು ಕಷ್ಟ, ಅದನ್ನು ಒಪ್ಪುತ್ತೇನೆ. ಆದರೆ ‘ಖರೀದಿಸಿ’ ಎಂಬ ಗುಂಡಿ ತೋರಿಸಿ, ಪೂರ್ತಿ ಬೆಲೆ ಒಂದೇ ಸಲಕ್ಕೆ ಪಡೆದು, ಬಿಲ್ಲು ಕೊಟ್ಟ ಮೇಲೆ ಅದನ್ನು ಬಾಡಿಗೆಯ ಲೆಕ್ಕಕ್ಕೆ ಬರೆದುಕೊಳ್ಳುವುದನ್ನು ಕ್ಯಾಂಪಿನ ಯಾವ ಅಂಗಡಿಯವನೂ ಮಾಡಲಾರ. ಮಾಡಿದರೆ ಸಂಜೆಯೊಳಗೆ ಗಲಾಟೆಯಾಗುತ್ತದೆ.

ಬಾಡಿಗೆಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪುಣೆಯದೇ ಉದಾಹರಣೆ ಇದೆ. ಕೈಲಾಸ ಕಾಟ್ಕರ್ ಕ್ಯಾಲ್ಕ್ಯುಲೇಟರ್ ರಿಪೇರಿ ಮಾಡುತ್ತ ಬೆಳೆದವರು. ರಿಪೇರಿಗೆ ಬಂದ ಕಂಪ್ಯೂಟರುಗಳಲ್ಲಿ ವೈರಸ್ ಹಾವಳಿ ಕಂಡು, ತಮ್ಮ ಸಂಜಯ ಬರೆದ ಪ್ರೋಗ್ರಾಮನ್ನು 1995ರ ಸುಮಾರಿಗೆ ‘ಕ್ವಿಕ್ ಹೀಲ್’ ಎಂಬ ಹೆಸರಿನಲ್ಲಿ ಮಾರಲು ಶುರುಮಾಡಿದರು. 2016ರಲ್ಲಿ ಆ ಕಂಪನಿ ಷೇರುಪೇಟೆಗೆ ಬಂತು. ಆಂಟಿವೈರಸ್ ಡಬ್ಬಿಯ ಮೇಲೆ ಒಂದು ವರ್ಷ, ಮೂರು ವರ್ಷ ಎಂದು ದಪ್ಪಕ್ಷರದಲ್ಲಿ ಅವಧಿ ಬರೆದಿರುತ್ತದೆ. ಹೊಸ ವೈರಸ್ಸುಗಳಿಗೆ ಹೊಸ ಮದ್ದು ಅರೆಯುವ ಕೆಲಸ ನಿತ್ಯದ್ದು, ಅದಕ್ಕೆ ವರ್ಷಕ್ಕಿಷ್ಟು ಎಂಬುದು ನ್ಯಾಯ, ಎಷ್ಟು ದಿನಕ್ಕೆ ಎಂಬುದೂ ಕೊಳ್ಳುವ ಮೊದಲೇ ಗೊತ್ತು. ತಿಂಗಳ ಹಣ ಕಟ್ಟಿ ಹಾಡು ಕೇಳುವುದೂ ಹಾಗೆಯೇ. ಲಕ್ಷಗಟ್ಟಲೆ ಹಾಡುಗಳನ್ನು ಮನೆಯಲ್ಲಿ ಯಾರು ಪೇರಿಸಿಡುತ್ತಾರೆ? ಇದು ಬಾಡಿಗೆಯೆಂದು ಇಬ್ಬರಿಗೂ ತಿಳಿದಿರುವ ತನಕ ಗೋಳಿಲ್ಲ.

ಕೊಂಡದ್ದಕ್ಕೆ ಬೀಗ ಹಾಕುವ ಪದ್ಧತಿ ತಿಳಿಯಲು ಪುಣೆಗೂ ಕನ್ನಡಕ್ಕೂ ಇರುವ ಇನ್ನೊಂದು ನಂಟನ್ನು ಇಲ್ಲಿ ಬಿಚ್ಚಿ ಹೇಳಬೇಕು. ಭಾರತೀಯ ಭಾಷೆಗಳನ್ನು ಕಂಪ್ಯೂಟರಿಗೆ ಕೂರಿಸಿದ ಕೆಲಸದಲ್ಲಿ ದೊಡ್ಡದೊಂದು ಪಾಲು ಈ ಊರಿನಲ್ಲಿ ನಡೆಯಿತು. ಐಐಟಿ ಕಾನ್ಪುರದಲ್ಲಿ ಹುಟ್ಟಿದ ‘ಜಿಸ್ಟ್’ ತಂತ್ರಜ್ಞಾನ 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಗೆ ಬಂತು. ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಕಾರ್ಡ್ ಸಿಕ್ಕಿಸಿದರೆ ಪರದೆಯ ಮೇಲೆ ಕನ್ನಡ, ದೇವನಾಗರಿ ಎಲ್ಲವೂ ಮೂಡುತ್ತಿದ್ದ ಕಾಲ ಅದು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಂಕೇತ ಪದ್ಧತಿ ಇರಲೆಂದು 1991ರಲ್ಲಿ ‘ಇಸ್ಕಿ’ ಮಾನಕವೂ ಬಂತು. ಖಾಸಗಿ ವಲಯದಲ್ಲಿ ಪುಣೆಯದೇ ಮಾಡ್ಯುಲರ್ ಇನ್ಫೋಟೆಕ್ ‘ಶ್ರೀಲಿಪಿ’ ತಂತ್ರಾಂಶ ತಂದಿತು. ಕನ್ನಡದ ಮುದ್ರಣಾಲಯ, ಡಿಟಿಪಿ ಅಂಗಡಿ, ಪತ್ರಿಕಾ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಶ್ರೀಲಿಪಿ ಫಾಂಟುಗಳ ಹೆಸರು ಹೇಳಿದರೆ ಸಾಕು, ಅಕ್ಷರದ ಮೋರೆ ಕಣ್ಣಿಗೆ ಕಟ್ಟುತ್ತದೆ. ಅಷ್ಟು ಚೆಲುವಾದ ಅಕ್ಷರಗಳನ್ನು, ಅಷ್ಟು ಬಗೆಯಲ್ಲಿ, ಆಗ ಬೇರೆಯವರು ಕೊಟ್ಟದ್ದು ಕಡಿಮೆ.

ಶ್ರೀಲಿಪಿಯಂಥ ತಂತ್ರಾಂಶಗಳ ಜೊತೆ ಹೆಬ್ಬೆರಳಿನಷ್ಟಿರುವ ‘ಲಾಕ್’ ಬರುತ್ತಿತ್ತು, ಡಾಂಗಲ್ ಎಂದೂ ಕರೆಯುತ್ತಿದ್ದರು. ಕಂಪ್ಯೂಟರಿನ ಹಿಂದೆ ಅದನ್ನು ಚುಚ್ಚಿದ್ದರಷ್ಟೇ ತಂತ್ರಾಂಶ ಬಾಯಿ ಬಿಡುತ್ತಿತ್ತು. ಎರಡು ಕಂಪ್ಯೂಟರ್ ಇದ್ದು ಲಾಕ್ ಒಂದೇ ಇದ್ದ ಅಂಗಡಿಗಳಲ್ಲಿ ಅದನ್ನು ಕಿತ್ತು ಅತ್ತಿತ್ತ ಚುಚ್ಚುವುದೇ ಒಂದು ಕೆಲಸ. ಚುನಾವಣೆಯ ಕರಪತ್ರ ಅವಸರದಲ್ಲಿ ಹೋಗಬೇಕಾದ ದಿನವೇ ಅದು ಕೆಡಬೇಕೆಂಬುದು ಡಿಟಿಪಿ ಲೋಕದ ನಿಯಮ. ಕಂಪನಿಗಳಿಗೂ ಕಾರಣವಿತ್ತು. ಕದ್ದ ಸೀಡಿಗಳು ಬೀದಿಯಲ್ಲಿ ಸಿಗುತ್ತಿದ್ದ ಕಾಲದಲ್ಲಿ ಅಂಥ ಲಾಕ್ ಇಲ್ಲದಿದ್ದರೆ ನಾಲ್ಕು ಪ್ರತಿ ಮಾರಾಟವಾಗಿ ನಾಲ್ಕು ಸಾವಿರ ಪ್ರತಿ ಬಳಕೆಯಲ್ಲಿರುತ್ತಿದ್ದವು.

ಆದರೂ ಆ ಲಾಕ್ ಬಗ್ಗೆ ಇವತ್ತು ನನಗೊಂದು ಬಗೆಯ ಗೌರವವಿದೆ. ಅದು ಗಿರಾಕಿಯ ಕೈಯಲ್ಲಿತ್ತು. ಅಂಗಡಿ ಮುಚ್ಚಿದವನು ಕಂಪ್ಯೂಟರಿನ ಜೊತೆ ಅದನ್ನೂ ಇನ್ನೊಬ್ಬನಿಗೆ ದಾಟಿಸಬಹುದಿತ್ತು. ಕಂಪನಿಗೆ ಬೇಸರ ಬಂದರೂ ದೂರದಿಂದ ಅದನ್ನು ಜಡಗೊಳಿಸಲು ಆಗುತ್ತಿರಲಿಲ್ಲ. 2001ರಲ್ಲಿ ಬಂದ, ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ 7 ಕನ್ನಡದ ಡಿಟಿಪಿ ಅಂಗಡಿಗಳಲ್ಲಿ ಅದೆಷ್ಟೋ ವರ್ಷ ಉಸಿರಾಡಿದ್ದು ಹೀಗೆಯೇ. ಅದನ್ನು ಮಾಡುತ್ತಿದ್ದ ಅಡೋಬಿ ಕೈಬಿಟ್ಟ ಮೇಲೂ ಅಂಗಡಿಯವರು ಕೈಬಿಡಲಿಲ್ಲ. ಅದೇ ಅಡೋಬಿ 2013ರ ಮೇ ತಿಂಗಳಲ್ಲಿ, ಇನ್ನು ಮುಂದೆ ತನ್ನ ಮುಖ್ಯ ತಂತ್ರಾಂಶಗಳ ಹೊಸ ಆವೃತ್ತಿಗಳು ಚಂದಾಕ್ಕೆ ಮಾತ್ರ ಎಂದು ಸಾರಿತು. ಈಗ ಬೀಗ ಅವರ ಸರ್ವರ್‌ನಲ್ಲಿದೆ. ಚಂದಾ ನಿಂತ ತಿಂಗಳು ನಿಮ್ಮದೇ ಹಳೆಯ ವಿನ್ಯಾಸದ ಕಡತ ತಿದ್ದಲು ನೀವು ಅವರನ್ನೇ ಕೇಳಬೇಕು.

ತಂತ್ರಾಂಶಕ್ಕೆ ಬೀಗ ಹಾಕಿದರೆ ಅಷ್ಟು ಹಾನಿಯಿಲ್ಲ, ಬರಹಕ್ಕೆ ಬೀಗ ಬಿದ್ದರೆ ಕಷ್ಟ. ಕನ್ನಡಕ್ಕೆ ಆದದ್ದು ಅದು. ಒಂದೊಂದು ಕಂಪನಿಯ ಫಾಂಟಿಗೂ ಒಂದೊಂದು ಒಳಸಂಕೇತ ಇತ್ತು. ಶ್ರೀಲಿಪಿಯಲ್ಲಿ ಟೈಪ್ ಮಾಡಿದ ಲೇಖನವನ್ನು ಆಕೃತಿ ಎಂಬ ಇನ್ನೊಂದು ತಂತ್ರಾಂಶದಲ್ಲಿ ತೆರೆದರೆ, ಆಕೃತಿಯದನ್ನು ನುಡಿಯಲ್ಲಿ ತೆರೆದರೆ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಬರೆದದ್ದು ನಮ್ಮ ಕನ್ನಡ, ಓದುವ ಕೀಲಿ ಫಾಂಟ್ ಮಾರಿದವರದು. ಕರ್ನಾಟಕ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ತಂದ ‘ನುಡಿ’ ಉಚಿತವಾಗಿತ್ತು, ಅದರ ಕೀಲಿಮಣೆಯ ವಿನ್ಯಾಸವನ್ನು ಕೆ.ಪಿ. ರಾವ್ ಯಾವ ಹಣದ ಆಸೆಯಿಲ್ಲದೆ ನಾಡಿಗೆ ಕೊಟ್ಟಿದ್ದರು. ಆದರೆ ಮೊದಮೊದಲ ನುಡಿಯೂ ಫಾಂಟ್ ಸಂಕೇತವನ್ನೇ ನೆಚ್ಚಿತ್ತು. ಬಿಟ್ಟಿ ಸಿಕ್ಕಿದ್ದೆಲ್ಲ ಬಿಡುಗಡೆಯೂ ಆಗಿರಬೇಕಿಲ್ಲ. ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಫಾಂಟ್ ಸಮೇತ ಬಂತು. ಆದರೂ ಪುಟ ಕಟ್ಟುವ ತಂತ್ರಾಂಶಗಳು ಯುನಿಕೋಡ್ ಕನ್ನಡವನ್ನು ನೆಟ್ಟಗೆ ಜೋಡಿಸಲು ಕಲಿಯುವ ಹೊತ್ತಿಗೆ ಮತ್ತೊಂದು ದಶಕ ಕಳೆದಿತ್ತು. ಆ ನಡುವಿನ ಕಾಲದ ಕನ್ನಡ ಪುಸ್ತಕಗಳ, ಪತ್ರಿಕೆಗಳ ಮೂಲ ಕಡತಗಳು ಹಳೆಯ ಹಾರ್ಡ್‌ಡಿಸ್ಕುಗಳಲ್ಲಿ, ಸೀಡಿಗಳಲ್ಲಿ ಬಿದ್ದಿವೆ. ಪರಿವರ್ತಕ ತಂತ್ರಾಂಶಗಳೇನೋ ಇವೆ. ಒತ್ತಕ್ಷರಗಳಲ್ಲಿ, ಅರ್ಕಾವತ್ತಿನಲ್ಲಿ ಅವು ಎಡವುವುದನ್ನು ಕರಡು ತಿದ್ದಿದವರೇ ಬಲ್ಲರು.

ಬೀಗ ಈಗ ಅಕ್ಷರದಿಂದ ಬಿಡಿಭಾಗಕ್ಕೆ ಬಂದಿದೆ. ಕ್ಯಾಂಪಿನ ರಿಪೇರಿ ಅಂಗಡಿಯೊಂದರಲ್ಲಿ ದುಬಾರಿ ಫೋನಿನ ಒಡೆದ ಪರದೆ ತೋರಿಸಿದಾಗ, ನನ್ನ ಮಾತಿನಲ್ಲೇ ಕನ್ನಡದ ಗುರುತು ಹಿಡಿದ ವಿಜಯಪುರ ಕಡೆಯ ಹುಡುಗ ಹೇಳಿದ್ದು ಇಷ್ಟು: “ಹಾಕಿ ಕೊಡ್ತೀನ್ರಿ ಸರ, ಕೆಲ್ಸಾ ಪಕ್ಕಾ ಇರ್ತದ. ಆದ್ರ ಚಾಲೂ ಆದ ಕೂಡ್ಲೆ ‘ಈ ಪಾರ್ಟ್ ಯಾವ್ದಂತ ನನಗ ಗೊತ್ತಿಲ್ಲ’ ಅಂತ ಫೋನೇ ಹೇಳ್ತದ. ಅದರಾಗ ನಂದೇನ್ ತಪ್ಪಿಲ್ಲ, ಮೊದ್ಲ ಹೇಳಿರ್ತೀನಿ.” ಅಸಲಿ ಪರದೆ ಹಾಕಿದರೂ ಹೀಗೇ ಆಗುತ್ತದೆಯೇ ಎಂದು ಕೇಳಿದೆ. “ಇನ್ನೊಂದ್ ಫೋನಿಂದ್ ತಗದ ಅಸಲಿ ಹಾಕಿದ್ರೂ ಅಷ್ಟರೀ. ಅದಕ ಕಂಪನಿ ಕಡಿಂದ ಹೂಂ ಅನಿಸ್ಬೇಕಲ್ರೀ.”

ಇದಕ್ಕೆ ಬಿಡಿಭಾಗಗಳ ಜೋಡಿ ಕಟ್ಟುವುದು ಎನ್ನಬಹುದು. ಪರದೆ, ಬ್ಯಾಟರಿ, ಕ್ಯಾಮೆರಾಗಳ ಕ್ರಮಸಂಖ್ಯೆಯನ್ನು ಫೋನಿನ ಮುಖ್ಯ ಬೋರ್ಡಿಗೆ ಗಂಟು ಹಾಕಿರುತ್ತಾರೆ. ಬೇರೆ ಭಾಗ ಕೂರಿಸಿದರೆ ಎಚ್ಚರಿಕೆಯ ಸಂದೇಶ ಬರುತ್ತದೆ, ಕೆಲವೊಮ್ಮೆ ಒಂದೆರಡು ಸೌಲಭ್ಯ ನಿಲ್ಲುತ್ತದೆ. ಕದ್ದ ಫೋನುಗಳನ್ನು ಬಿಚ್ಚಿ ಮಾರುವವರನ್ನು ತಡೆಯಲು, ಕಳಪೆ ಬ್ಯಾಟರಿಯ ಅಪಾಯ ತಪ್ಪಿಸಲು ಇದು ಬೇಕೆನ್ನುವುದು ಕಂಪನಿಗಳ ಸಮರ್ಥನೆ. ಅದರಲ್ಲಿ ಸ್ವಲ್ಪ ಹುರುಳಿದೆ. ಆದರೆ 2024ರಲ್ಲಿ ಅಮೆರಿಕದ ಒರೆಗಾನ್ ರಾಜ್ಯ ಈ ಪದ್ಧತಿಯನ್ನು ನಿಷೇಧಿಸಿ ಕಾನೂನು ಮಾಡಿದ ಕೆಲವೇ ದಿನಗಳಲ್ಲಿ, ಬಳಸಿದ ಅಸಲಿ ಬಿಡಿಭಾಗಗಳನ್ನು ಹೊಸ ಐಫೋನುಗಳಲ್ಲಿ ಹಾಕಲು ಅವಕಾಶ ಕೊಡುತ್ತೇವೆಂದು ಆ್ಯಪಲ್ ಪ್ರಕಟಿಸಿತು. ಆಗದೆಂಬಂತಿದ್ದದ್ದು ಒಮ್ಮೆಲೇ ಸಾಧ್ಯವಾಯಿತು. ಹಳೆಯ ಬ್ಯಾಟರಿಯ ಐಫೋನುಗಳನ್ನು ತಂತ್ರಾಂಶದ ಮೂಲಕ ನಿಧಾನಗೊಳಿಸುತ್ತಿದ್ದುದನ್ನು ಇದೇ ಕಂಪನಿ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡು, ಅಮೆರಿಕದಲ್ಲಿ 50 ಕೋಟಿ ಡಾಲರ್‌ವರೆಗಿನ ರಾಜಿಗೆ ಬಂದಿತ್ತು. ಫೋನ್ ಮುದಿಯಾಗಿದೆಯೆಂದು ಹೊಸದು ಕೊಂಡ ಎಷ್ಟೋ ಮಂದಿಗೆ ಬೇಕಿದ್ದದ್ದು ಹೊಸ ಬ್ಯಾಟರಿ ಮಾತ್ರ. ಕೋಲಾರದ ನರಸಾಪುರದಲ್ಲಿ, ವಿಸ್ಟ್ರಾನ್‌ನಿಂದ ಟಾಟಾ ಕೈಗೆ ಬಂದ ಕಾರ್ಖಾನೆಯಲ್ಲಿ, ನಮ್ಮ ಜಿಲ್ಲೆಗಳ ಹೆಣ್ಣುಮಕ್ಕಳು ಗಂಡುಮಕ್ಕಳು ಜೋಡಿಸುವ ಫೋನನ್ನು ನಮ್ಮದೇ ಹುಡುಗನೊಬ್ಬ ಪುಣೆಯಲ್ಲಿ ಬಿಚ್ಚಿ ಜೋಡಿಸಲು ಕ್ಯಾಲಿಫೋರ್ನಿಯಾದ ಆ್ಯಪಲ್‌ನ ಅಪ್ಪಣೆ ಬೇಕು.

ನಮ್ಮ ಸರ್ಕಾರ ಕೈಕಟ್ಟಿ ಕೂತಿಲ್ಲ, ಓಡುತ್ತಲೂ ಇಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ನಿಧಿ ಖರೆ ಅವರ ಅಧ್ಯಕ್ಷತೆಯಲ್ಲಿ ರಿಪೇರಿ ಹಕ್ಕಿನ ಸಮಿತಿ ರಚಿಸಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಕರಣ, ವಾಹನ ಈ ನಾಲ್ಕು ವಲಯಗಳನ್ನು ಆಯ್ದುಕೊಂಡು ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಫ್ರಾನ್ಸ್ 2021ರ ಜನವರಿಯಿಂದಲೇ ಫೋನು, ಲ್ಯಾಪ್‌ಟಾಪುಗಳ ಮೇಲೆ ಹತ್ತಕ್ಕೆ ಇಷ್ಟು ಎಂದು ರಿಪೇರಿಯ ಅಂಕ ಅಂಟಿಸುವುದನ್ನು ಕಡ್ಡಾಯ ಮಾಡಿತ್ತು. ನಮ್ಮಲ್ಲೂ ಅಂಥ ಸೂಚ್ಯಂಕ ಬೇಕೆಂದು ಮತ್ತೊಂದು ಸಮಿತಿ 2025ರಲ್ಲಿ ವರದಿ ಕೊಟ್ಟಿತು. ಐರೋಪ್ಯ ಒಕ್ಕೂಟ 2025ರ ಜೂನ್ 20ರಿಂದ ಇನ್ನೂ ಮುಂದೆ ಹೋಯಿತು: ಮಾದರಿಯೊಂದರ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಸಿಗಬೇಕು, ಐದು ವರ್ಷ ತಂತ್ರಾಂಶದ ಪರಿಷ್ಕರಣೆ ಸಿಗಬೇಕು.

ಚಂದಾ ಹಣ ಕತ್ತರಿಸುವುದಕ್ಕೆ ಲಗಾಮು ಹಾಕುವ ವಿಷಯದಲ್ಲಿ ಮಾತ್ರ ನಾವು ಮುಂದಿದ್ದೇವೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್ 1ರಿಂದ, ಕಾರ್ಡಿನಿಂದ ಪ್ರತಿ ತಿಂಗಳು ತಾನಾಗಿ ಹಣ ತೆಗೆಯುವ ಮೊದಲು 24 ಗಂಟೆ ಮುಂಚೆ ಗಿರಾಕಿಗೆ ತಿಳಿಸಬೇಕು, ಬೇಡವೆನ್ನಲು ದಾರಿಯಿರಬೇಕು. 5,000 ರೂಪಾಯಿ ಮೀರಿದರೆ ಪ್ರತಿ ಸಲ ಒಪ್ಪಿಗೆ ಬೇಕಿತ್ತು, ಆ ಮಿತಿಯನ್ನು ಮುಂದೆ 15,000ಕ್ಕೆ ಏರಿಸಿದರು. ನೋಡಿ, ಎಷ್ಟು ಸಾಧಾರಣ ಮಾತು. ಆದರೂ ಉದ್ಯಮ ಗೊಣಗಿತು. ಆ್ಯಪಲ್ ತನ್ನ ಆ್ಯಪ್ ಮಳಿಗೆಯಲ್ಲಿ ಭಾರತದ ಕಾರ್ಡುಗಳನ್ನು ತೆಗೆದುಕೊಳ್ಳುವುದನ್ನೇ 2022ರಲ್ಲಿ ನಿಲ್ಲಿಸಿತು. ಆಮೇಲೆ 2023ರ ನವೆಂಬರ್ 30ರಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ವಂಚಕ ವಿನ್ಯಾಸಗಳೆಂದು 13 ಬಗೆಗಳನ್ನು ಪಟ್ಟಿಮಾಡಿತು. ಚಂದಾ ಸೇರುವುದು ಒಂದು ಒತ್ತಿಗೆ, ಬಿಡುವುದು ಹತ್ತು ಪುಟ ಅಲೆದ ಮೇಲೆ ಎಂಬ ಬಲೆಯೂ ಅದರಲ್ಲಿದೆ. ಪಟ್ಟಿ ಒಳ್ಳೆಯದು. ಅದರಲ್ಲಿ ಬಾಡಿಗೆಯನ್ನು ಮಾರಾಟವೆಂದು ತೋರಿಸುವ ವಿನ್ಯಾಸ ಹೆಸರಿಟ್ಟು ಸೇರಿಲ್ಲ ಎಂಬುದು ನನ್ನ ಕೊರಗು. ಕ್ಯಾಲಿಫೋರ್ನಿಯಾ ಅದನ್ನೂ ಮಾಡಿತು. 2025ರ ಜನವರಿ 1ರಿಂದ ಅಲ್ಲಿ, ಗಿರಾಕಿ ಇಳಿಸಿಕೊಂಡು ಶಾಶ್ವತವಾಗಿ ಇಟ್ಟುಕೊಳ್ಳಲಾಗದ ಡಿಜಿಟಲ್ ಸರಕಿಗೆ ಖರೀದಿಯ ಗುಂಡಿ ತೋರಿಸಬೇಕೆಂದರೆ ಇದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ಹೇಳಬೇಕು. ಮಹಾರಾಷ್ಟ್ರಕ್ಕೋ ಕರ್ನಾಟಕಕ್ಕೋ ಇಷ್ಟು ಮಾಡುವುದು ದೊಡ್ಡ ಮಾತಲ್ಲ.

ಈ ಜಗಳ ಗಿರಾಕಿಯ ಕಿಸೆಗಷ್ಟೇ ಸಂಬಂಧಿಸಿದ್ದಲ್ಲ ಎಂದು ತೋರಿಸಲು ಕ್ಯಾಂಪಿನಿಂದ ಆಟೊ ಹತ್ತಿ ಲಾ ಕಾಲೇಜು ರಸ್ತೆಗೆ ಹೋದರೆ ಸಾಕು. 1964ರಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅಲ್ಲಿದೆ. ಪಿ.ಕೆ. ನಾಯರ್ ಅವರು ಊರೂರು ಅಲೆದು, ನಿರ್ಮಾಪಕರ ಮನೆಬಾಗಿಲು ಕಾದು, ರೀಲುಗಳನ್ನು ಕೂಡಿಹಾಕಿದ ಸಂಸ್ಥೆ. ಪುಸ್ತಕ ಪ್ರಕಟಿಸಿದವರು ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ, ಸಿನಿಮಾಕ್ಕೆ ಅಂಥ ಕಡ್ಡಾಯವಿಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಇಲ್ಲಿಂದ ಅಷ್ಟೇನೂ ದೂರವಿಲ್ಲದ ಕೊಲ್ಲಾಪುರದಲ್ಲಿ ಚಿತ್ರೀಕರಣವಾಗಿತ್ತು. ಅದರ ಒಂದು ಪ್ರತಿಯೂ ಉಳಿದಿಲ್ಲ. 2003ರಲ್ಲಿ ಬೆಂಕಿ ಬಿದ್ದು ಸಂಗ್ರಹಾಲಯದ ಹಳೆಯ ನೈಟ್ರೇಟ್ ರೀಲುಗಳೂ ಸುಟ್ಟವು. ಒಂದೇ ಕಡೆ ಇದ್ದದ್ದು ಒಂದೇ ಏಟಿಗೆ ಹೋಗುತ್ತದೆ. ಹಲವರ ಕೈಯಲ್ಲಿ ಪ್ರತಿ ಇದ್ದ ಸಿನಿಮಾಗಳು ಎಲ್ಲೋ ಒಂದು ಟೆಂಟ್ ಟಾಕೀಸಿನ ಮೂಲೆಯಿಂದಲೋ, ಯಾರದೋ ಮನೆಯ ವೀಡಿಯೊ ಕ್ಯಾಸೆಟ್ಟಿನಿಂದಲೋ ಎದ್ದು ಬರುತ್ತವೆ. ಡಿಸ್ಕಿಲ್ಲದೆ, ಕ್ಯಾಸೆಟ್ಟಿಲ್ಲದೆ, ನೇರ ಒಟಿಟಿಗೆ ಬಂದ ಸಿನಿಮಾವನ್ನು ಪರವಾನಗಿ ಮುಗಿದ ದಿನ ತೆಗೆದುಹಾಕಿದರೆ ನೋಡುಗರ ಪಾಲಿಗೆ ಅದು ಇಲ್ಲ. ಸೋನಿ 2023ರ ಡಿಸೆಂಬರ್‌ನಲ್ಲಿ, ಗಿರಾಕಿಗಳು ಪ್ಲೇಸ್ಟೇಷನ್‌ನಲ್ಲಿ ಹಣ ಕೊಟ್ಟು ‘ಕೊಂಡಿದ್ದ’ ಡಿಸ್ಕವರಿ ಕಾರ್ಯಕ್ರಮಗಳನ್ನೂ ಅಳಿಸುವುದಾಗಿ ಹೇಳಿ, ಕೂಗೆದ್ದ ಮೇಲೆ ಆಗಿನ ಮಟ್ಟಿಗೆ ಕೈಬಿಟ್ಟಿತು.

ಹಾಗಾದರೆ ಗಿರಾಕಿಯ ಕೈಯಲ್ಲಿ ಏನೂ ಇಲ್ಲವೇ? ಇದೆ. ಕಾನೂನುಬದ್ಧವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಮಿನ ರಕ್ಷಣಾ ಪ್ರತಿ ಮಾಡಿಟ್ಟುಕೊಳ್ಳುವ ಅವಕಾಶವನ್ನು ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಕೊಡುತ್ತದೆ. ಅದಕ್ಕಿಂತ ಮುಖ್ಯವಾದದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದರ 2(46)ನೇ ಕಲಂ ‘ಅನ್ಯಾಯದ ಕರಾರು’ ಎಂದರೇನೆಂದು ಬಿಡಿಸಿ ಹೇಳುತ್ತದೆ. ತಕ್ಕ ಕಾರಣವಿಲ್ಲದೆ ಒಬ್ಬರೇ ಕರಾರು ಮುರಿಯುವ ಹಕ್ಕು ಇಟ್ಟುಕೊಳ್ಳುವುದು ಅದರಲ್ಲಿ ಸೇರಿದೆ. ಅಂಥ ಷರತ್ತನ್ನು ಅನೂರ್ಜಿತವೆಂದು ಸಾರುವ ಅಧಿಕಾರ ಗ್ರಾಹಕ ಆಯೋಗಕ್ಕಿದೆ. ‘ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ, ಕಾರಣವಿಲ್ಲದೆಯೂ’ ಸೇವೆ ನಿಲ್ಲಿಸಬಹುದೆಂಬ ವಾಕ್ಯ ಎಷ್ಟು ಆ್ಯಪ್‌ಗಳ ಕರಾರಿನಲ್ಲಿದೆಯೋ ಅಷ್ಟಕ್ಕೂ ಈ ಕಲಂ ಎದುರು ನಿಲ್ಲುವ ಪರೀಕ್ಷೆ ಬಾಕಿಯಿದೆ. 2021ರ ಬೆಂಗಳೂರು ಮೊಕದ್ದಮೆಯ ತೀರ್ಪನ್ನು ಬಗಲಲ್ಲಿಟ್ಟುಕೊಂಡು ಹೋದವರಿಗೆ ವಾದಕ್ಕೆ ಬರವಿರದು; ಮಾರಿದ್ದೇವೆಂದು ಹೇಳಿದವರು ಅವರೇ ತಾನೆ. ತೊಡಕು ಬೇರೆ ಕಡೆ ಇದೆ. ಸುಟ್ಟ ಮಿಕ್ಸರಿನ ದೂರಿಗೆ ಜಿಲ್ಲಾ ಆಯೋಗ ಸಾಕು. ಅನ್ಯಾಯದ ಕರಾರಿನ ದೂರನ್ನು ಮಾತ್ರ ಜಿಲ್ಲೆಯಲ್ಲಿ ಕೇಳುವಂತಿಲ್ಲ, ಕಳೆದುಕೊಂಡದ್ದು ಮುನ್ನೂರು ರೂಪಾಯಿಯ ಇ-ಪುಸ್ತಕವಾದರೂ ರಾಜ್ಯ ಆಯೋಗಕ್ಕೇ ಹೋಗಬೇಕು.